ಖಾಲಿ ಬಾಂಡ್ಲಿ ವಾಪಸ್ ಬಂದರೆ ಮಾತ್ರ ಗೋಡೆ ಏಳುತ್ತದೆ

ಪ್ರಶ್ನೆ: ನಾನು ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಮೊದಲ ವರ್ಷದಲ್ಲಿದ್ದೇನೆ. ಬ್ಯಾಕ್ಟೀರಿಯಾದ ಕೋಶಭಿತ್ತಿ ಪಾಠದಲ್ಲಿ ‘ಲಿಪಿಡ್-1’, ‘ಲಿಪಿಡ್-2’ ಅಂತ ಬರುತ್ತದೆ. ಉದ್ದನೆಯ ಕೊಬ್ಬಿನ ಅಣುವಿಗೆ ಸಕ್ಕರೆ ಕಟ್ಟಿದರೆ ಅವು ಆಗುತ್ತವೆ ಎಂದು ಓದಿದೆ. ಕಿಣ್ವಗಳ ಹೆಸರು ಬಾಯಿಪಾಠ ಆಗಿದೆ, ಆದರೆ ಮೂರು ವಿಷಯ ತಲೆಗೆ ಹತ್ತಿಲ್ಲ. ನೀರಿನಲ್ಲಿ ಸಲೀಸಾಗಿ ಕರಗುವ ಸಕ್ಕರೆಯನ್ನು ಕೊಬ್ಬಿಗೆ ಯಾಕೆ ಕಟ್ಟಬೇಕು? ಡಿಎನ್‌ಎ ಥರದ ಅಚ್ಚು ಇಲ್ಲದೆ, ಯಾವ ಸಕ್ಕರೆ ಆದ ಮೇಲೆ ಯಾವುದು ಅಂತ ಕಿಣ್ವಗಳಿಗೆ ಹೇಗೆ ಗೊತ್ತಾಗುತ್ತದೆ? ಕಣ್ಣಿಗೆ ಕಾಣದ ಇದನ್ನೆಲ್ಲ ಪತ್ತೆ ಮಾಡಿದ್ದು ಹೇಗೆ?

ಉತ್ತರ: ಮೊದಲು ಜಾಗ ನೋಡಿಕೊಳ್ಳೋಣ. ಬ್ಯಾಕ್ಟೀರಿಯಾದ ಗೋಡೆ ಏಳಬೇಕಾದದ್ದು ಪೊರೆಯ ಹೊರಗೆ. ಗೋಡೆಗೆ ಬೇಕಾದ ಸಾಮಾನು ತಯಾರಾಗುವುದು ಪೊರೆಯ ಒಳಗೆ. ನಡುವಿನ ಪೊರೆ ಎಣ್ಣೆಯಂಥದ್ದು. ಸಕ್ಕರೆ ಅದರೊಳಗೆ ಹೋಗುವುದಿಲ್ಲ. ಅದೂ ಅಲ್ಲದೆ ಇಲ್ಲಿ ಸಕ್ಕರೆ ಒಂಟಿಯಾಗಿರುವುದಿಲ್ಲ. ಯುಡಿಪಿ ಎಂಬ ನ್ಯೂಕ್ಲಿಯೋಟೈಡ್ ಅದಕ್ಕೆ ಅಂಟಿಕೊಂಡಿರುತ್ತದೆ. ಯುಡಿಪಿಯ ಎರಡು ಫಾಸ್ಫೇಟ್‌ಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಇಂಥ ಅಣು ತಾನಾಗಿ ಪೊರೆ ದಾಟುವ ಮಾತೇ ಇಲ್ಲ.

ಇನ್ನೊಂದು ತೊಂದರೆಯೂ ಇದೆ. ಪಾಠದಲ್ಲಿ ಅದನ್ನು ಒತ್ತಿ ಹೇಳುವವರು ಕಡಿಮೆ. ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಅಣು ಎಟಿಪಿ. ಪೊರೆಯ ಹೊರಗೆ ಅದು ಸಿಗುವುದಿಲ್ಲ. ಸಕ್ಕರೆಗೆ ಸಕ್ಕರೆ ಜೋಡಿಸಲು ಶಕ್ತಿ ಬೇಕು. ಹೊರಗೆ ನಿಂತು ಜೋಡಿಸುವ ಕಿಣ್ವಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು? ಸಾಮಾನಿನ ಜೊತೆಗೇ ಬರಬೇಕು, ಬೇರೆ ದಾರಿಯಿಲ್ಲ. ಅಂದರೆ ಬ್ಯಾಕ್ಟೀರಿಯಾಗೆ ಬೇಕಾದ ಅಣು ಎಣ್ಣೆಯೊಳಗೆ ನಿಲ್ಲಬೇಕು, ಸಕ್ಕರೆಯನ್ನು ಹೊರಬೇಕು, ಜೊತೆಗೆ ಜೋಡಣೆಗೆ ಬೇಕಾದ ಶಕ್ತಿಯನ್ನೂ ಕಟ್ಟಿಕೊಂಡು ಹೋಗಬೇಕು.

ಮನೆಗೆ ಮೋಲ್ಡ್ ಹಾಕುವ ದಿನ ನೀವು ನೋಡಿರುತ್ತೀರಿ. ಕೆಳಗೆ ಕಾಂಕ್ರೀಟ್ ಕಲಸುತ್ತಾರೆ. ಅಲ್ಲಿಂದ ಮೇಲಿನವರೆಗೆ ಜನ ಸಾಲಾಗಿ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೇಲೆ ಸುರಿದ ತಕ್ಷಣ ಖಾಲಿ ಬಾಂಡ್ಲಿ ಕೆಳಗೆ ಬರುತ್ತದೆ. ಒಂದಷ್ಟೇ ಬಾಂಡ್ಲಿಗಳಲ್ಲಿ ಇಡೀ ಚಾವಣಿ ಮುಗಿದುಹೋಗುತ್ತದೆ. ಖಾಲಿ ಬಾಂಡ್ಲಿಗಳು ಮೇಲೇ ಉಳಿದರೆ? ಕೆಳಗೆ ಕಾಂಕ್ರೀಟ್ ರಾಶಿ ಬಿದ್ದಿದ್ದರೂ ಕೆಲಸ ನಿಂತುಹೋಗುತ್ತದೆ. ಈ ಚಿತ್ರ ಮನಸ್ಸಿನಲ್ಲಿರಲಿ. ನಾನು ಹೇಳಬೇಕಾದ ಮುಖ್ಯ ವಿಷಯ ಆ ಖಾಲಿ ಬಾಂಡ್ಲಿಯಲ್ಲೇ ಇದೆ.

ಬ್ಯಾಕ್ಟೀರಿಯಾದ ಬಾಂಡ್ಲಿಯ ಹೆಸರು ಅನ್‌ಡೆಕಾಪ್ರಿನಿಲ್ ಫಾಸ್ಫೇಟ್. ಹೆಸರು ಕೇಳಿ ಗಾಬರಿಯಾಗಬೇಡಿ. ‘ಅನ್‌ಡೆಕಾ’ ಅಂದರೆ ಹನ್ನೊಂದು. ಐದು ಇಂಗಾಲದ ಐಸೋಪ್ರೀನ್ ತುಂಡುಗಳು ಹನ್ನೊಂದು ಸೇರಿ 55 ಇಂಗಾಲದ ಸರಪಳಿ. ಅದರ ಒಂದು ತುದಿಗೆ ಒಂದು ಫಾಸ್ಫೇಟ್. ಹದಿನೈದು ಇಂಗಾಲದ ಒಂದು ಅಣುವನ್ನು ಹಿಡಿದು, ಅದಕ್ಕೆ ಐದೈದು ಇಂಗಾಲದ ತುಂಡುಗಳನ್ನು ಎಂಟು ಸಲ ಸೇರಿಸುವ ಕಿಣ್ವದ ಹೆಸರು ಯುಪಿಪಿಎಸ್. ಸುಳ್ಯದ ಕಡೆ ರಬ್ಬರ್ ತೋಟ ನೋಡಿದ್ದೀರಾ? ಮರ ಕೊಯ್ದಾಗ ಸುರಿಯುವ ಹಾಲಿನಲ್ಲಿರುವ ರಬ್ಬರ್ ಕೂಡ ಇದೇ ಐಸೋಪ್ರೀನ್ ಸರಪಳಿಯೇ. ಅಲ್ಲಿ ತುಂಡುಗಳು ಸಾವಿರಗಟ್ಟಲೆ, ಇಲ್ಲಿ ಹನ್ನೊಂದು. ಎರಡನ್ನೂ ಕಟ್ಟುವ ಕಿಣ್ವಗಳು ಒಂದೇ ಬಳಗಕ್ಕೆ ಸೇರಿದವು. ಇನ್ನೂ ಒಂದು ಚೆಂದದ ಸಂಗತಿ ಇದೆ. ಪ್ರಯೋಗಾಲಯಕ್ಕೆ ಈ 55 ಇಂಗಾಲದ ಸರಪಳಿ ಬೇಕಾದಾಗ ಅದನ್ನು ವಿದೇಶಿ ಅಡುಗೆಯ ಬೇ ಎಲೆಯಿಂದ ತೆಗೆಯುವುದುಂಟು. ನಮ್ಮ ಪಲಾವ್ ಎಲೆ ಅದಲ್ಲ, ಅದು ಬೇರೆ ಗಿಡದ್ದು.

ಈಗ ಮೊದಲ ಹೆಜ್ಜೆಗೆ ಬರೋಣ. ಎಂಆರ್‌ಎವೈ ಎಂಬ ಕಿಣ್ವ ಪೊರೆಯೊಳಗೇ ಹತ್ತು ಸಲ ಹೊಕ್ಕು ಹೊರಟ ಪ್ರೋಟೀನ್. ಒಳಬದಿಯಲ್ಲಿ ಯುಡಿಪಿಗೆ ಕಟ್ಟಿದ ಮ್ಯುರಾಮಿಕ್ ಸಕ್ಕರೆ ಬರುತ್ತದೆ, ಅದರ ಬಾಲಕ್ಕೆ ಐದು ಅಮೈನೋ ಆಮ್ಲಗಳ ಸಣ್ಣ ಸರ. ಕಿಣ್ವ ಯುಡಿಪಿಯ ನಡುವೆ ಕತ್ತರಿ ಹಾಕುತ್ತದೆ. ಒಂದು ಫಾಸ್ಫೇಟ್ ಸಕ್ಕರೆಯ ಜೊತೆ ಬಂದು ಬಾಂಡ್ಲಿಯ ಫಾಸ್ಫೇಟ್‌ಗೆ ಸೇರುತ್ತದೆ. ಒಂದೇ ಫಾಸ್ಫೇಟ್ ಉಳಿದ ತುಂಡು, ಅಂದರೆ ಯುಎಂಪಿ, ಬಿಟ್ಟುಹೋಗುತ್ತದೆ. ಇದೇ ಲಿಪಿಡ್-1.

ಇಲ್ಲಿ ಸ್ವಲ್ಪ ನಿಲ್ಲಿ. ಕತ್ತರಿಸಿದ್ದು ಎರಡು ಫಾಸ್ಫೇಟ್‌ಗಳ ನಡುವಿನ ಕೊಂಡಿ. ಹೊಸದಾಗಿ ಕಟ್ಟಿದ್ದು ಕೂಡ ಎರಡು ಫಾಸ್ಫೇಟ್‌ಗಳ ನಡುವಿನ ಕೊಂಡಿಯೇ. ಲೆಕ್ಕ ಹೆಚ್ಚು ಕಡಿಮೆ ಸರಿಸಮ. ಹಾಗಾಗಿ ಈ ಹೆಜ್ಜೆ ಮುಂದಕ್ಕೂ ಹೋಗುತ್ತದೆ, ಹಿಂದಕ್ಕೂ ಬರುತ್ತದೆ. ಯುಡಿಪಿಯಲ್ಲಿದ್ದ ಶಕ್ತಿ ಖರ್ಚಾಗಿಲ್ಲ, ಬಾಂಡ್ಲಿಗೆ ವರ್ಗವಾಗಿದೆ ಅಷ್ಟೆ. ಹೊರಗೆ ಎಟಿಪಿ ಇಲ್ಲ ಅಂದೆನಲ್ಲ, ಅಲ್ಲಿಗೆ ಬೇಕಾದ ಶಕ್ತಿ ಈ ಜೋಡಿ ಫಾಸ್ಫೇಟ್ ಕೊಂಡಿಯಲ್ಲೇ ಕೂತು ಹೋಗುತ್ತದೆ. ಸಕ್ಕರೆಯನ್ನು ಕೊಬ್ಬಿಗೆ ಯಾಕೆ ಕಟ್ಟಬೇಕು ಎಂಬ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಪೊರೆ ದಾಟುವುದು. ಉಳಿದರ್ಧ ಇದು.

ಮುಂದಿನ ಕಿಣ್ವ ಎಂಯುಆರ್‌ಜಿ. ಇದು ಪೊರೆಯ ಒಳಬದಿಗೆ ಅಂಟಿಕೊಂಡು ಕೂರುತ್ತದೆ. ಲಿಪಿಡ್-1ರ ಸಕ್ಕರೆಯ ಮೇಲೆ ಇನ್ನೊಂದು ಸಕ್ಕರೆ ಕೂರಿಸುತ್ತದೆ. ಅದು ಎನ್-ಅಸಿಟೈಲ್ ಗ್ಲೂಕೋಸಮೈನ್. ಈ ಸಲ ಯುಡಿಪಿ ಇಡಿಯಾಗಿ ಬಿಟ್ಟುಹೋಗುತ್ತದೆ. ಈ ಹೆಜ್ಜೆ ಹಿಂದಕ್ಕೆ ಬರುವುದು ಕಷ್ಟ. ಆದ್ದರಿಂದ ಇದು ಹಿಂದಿನ ಹೆಜ್ಜೆಯನ್ನೂ ಮುಂದಕ್ಕೆ ಎಳೆದುಕೊಳ್ಳುತ್ತದೆ. ಲಿಪಿಡ್-2 ಸಿದ್ಧವಾಯಿತು. ಗೋಡೆಗೆ ಒಂದು ಇಟ್ಟಿಗೆ.

ಇನ್ನು ಮಗುಚಬೇಕು. ಕಾವಲಿಯ ಮೇಲೆ ದೋಸೆ ಮಗುಚಿದ ಹಾಗೆ ಸಕ್ಕರೆಯ ತಲೆ ಒಳಗಿನಿಂದ ಹೊರಗೆ ತಿರುಗಬೇಕು. ಈ ಕೆಲಸದ ಪ್ರೋಟೀನ್ ಯಾವುದು ಅಂತ ವರ್ಷಗಟ್ಟಲೆ ವಾದ ನಡೆಯಿತು. ಎಂಯುಆರ್‌ಜೆ ಇರಬಹುದು ಅಂತ 2008ರಲ್ಲಿ ಸೂಚನೆ ಬಂತು. 2014ರಲ್ಲಿ ಇ-ಕೊಲೈ ಎಂಬ ಬ್ಯಾಕ್ಟೀರಿಯಾದ ಒಳಗೇ ಅದರ ಕೆಲಸ ನಿಲ್ಲಿಸಿ ನೋಡಿದರು. ಲಿಪಿಡ್-2 ಹೊರಗೆ ಬರುವುದು ನಿಂತುಹೋಯಿತು. ಹೊರಗೆ ಬಂದ ಇಟ್ಟಿಗೆಯನ್ನು ಇನ್ನಷ್ಟು ಕಿಣ್ವಗಳು ಹಳೆಯ ಸರಕ್ಕೆ ಸೇರಿಸುತ್ತವೆ. ಪೆನಿಸಿಲಿನ್ ಕೆಲಸ ಮಾಡುವುದು ಇದರ ಆಚೆಗೆ, ಸರಗಳನ್ನು ಅಡ್ಡಡ್ಡ ಹೆಣೆಯುವ ಹಂತದಲ್ಲಿ. ಆ ಕಥೆ ನಿಮಗೆ ಗೊತ್ತೇ ಇದೆ, ಬಿಡೋಣ.

ಹೆಚ್ಚಿನ ಪುಸ್ತಕಗಳ ಚಿತ್ರ ಇಲ್ಲಿಗೆ ಮುಗಿಯುತ್ತದೆ. ಆದರೆ ಖಾಲಿ ಬಾಂಡ್ಲಿ ಇನ್ನೂ ಹೊರಗೇ ಇದೆ, ಅಲ್ವಾ? ಅದೂ ಎರಡು ಫಾಸ್ಫೇಟ್ ಹೊತ್ತುಕೊಂಡು. ಅದು ಮತ್ತೆ ಕೆಲಸಕ್ಕೆ ಬರಬೇಕಾದರೆ ಒಂದು ಫಾಸ್ಫೇಟ್ ಕಳಚಬೇಕು, ಆಮೇಲೆ ತಲೆ ಮತ್ತೆ ಒಳಕ್ಕೆ ತಿರುಗಬೇಕು. ಕಳಚುವ ಕಿಣ್ವಗಳು ಹಲವಿವೆ. ಇ-ಕೊಲೈಯಲ್ಲಿ ಒಂದು ಹಾಳಾದರೆ ಇನ್ನೊಂದು ಕೈಹಿಡಿಯುತ್ತದೆ. ಒಳಕ್ಕೆ ತಿರುಗಿಸುವ ಪ್ರೋಟೀನ್‌ಗಳು ಯಾವುವು ಅನ್ನುವುದು ಮಾತ್ರ ತುಂಬ ತಡವಾಗಿ ತಿಳಿಯಿತು. 2022ರ ಕೊನೆಯಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಹುಡುಕಿ ಎರಡು ಪ್ರೋಟೀನ್ ಬಳಗಗಳನ್ನು ತೋರಿಸಿದವು. ಕೊಬ್ಬಿನ ಅಣುವನ್ನು ಗುರುತಿಸಿದ ಅರ್ಧ ಶತಮಾನದ ಮೇಲೆ!

ಈ ವಾಪಸಾತಿ ಎಷ್ಟು ಮುಖ್ಯ ಅನ್ನಲು ಒಂದು ಸಣ್ಣ ಲೆಕ್ಕ ಮಾಡಿ. ಒಂದು ಇ-ಕೊಲೈ ಗೋಡೆಯಲ್ಲಿ ಸುಮಾರು 35 ಲಕ್ಷ ಇಟ್ಟಿಗೆಗಳಿವೆ. ಆದರೆ ಯಾವುದೇ ಒಂದು ಕ್ಷಣದಲ್ಲಿ ಆ ಜೀವಕೋಶದಲ್ಲಿ ಸಿಗುವ ಲಿಪಿಡ್-2 ಅಣುಗಳು ಸುಮಾರು 1000ದಿಂದ 2000 ಮಾತ್ರ. ಒಂದು ಕೋಶ ಎರಡಾಗುವಷ್ಟರಲ್ಲಿ ಇನ್ನೊಂದು ಗೋಡೆಯಷ್ಟು ಸಾಮಾನು ಸಾಗಬೇಕು. ಅಂದರೆ ಆ ಸಣ್ಣ ಸಂಗ್ರಹ ಅಷ್ಟರೊಳಗೆ ಸಾವಿರ ಸಲಕ್ಕೂ ಮಿಕ್ಕಿ ತುಂಬಿ ಖಾಲಿಯಾಗಬೇಕು.

ಅದೂ ಅಲ್ಲದೆ ಬಾಂಡ್ಲಿ ಗೋಡೆಯ ಕೆಲಸಕ್ಕೆ ಮಾತ್ರ ಮೀಸಲಲ್ಲ. ಹೊರಪದರದ ಮೇಲೆ ಉದ್ದುದ್ದ ನಿಲ್ಲುವ ಓ-ಆಂಟಿಜನ್ ಎಂಬ ಸಕ್ಕರೆ ಸರಕ್ಕೂ ಅದೇ ಬೇಕು. ಕೋಶದ ಸುತ್ತ ಲೋಳೆಯಂತೆ ಹರಡುವ ಸಕ್ಕರೆಗೂ ಅದೇ. ಎಲ್ಲರದ್ದೂ ಒಂದೇ ಸಂಗ್ರಹ. ಈ ಹಂಚಿಕೆಯಿಂದ ಆಗುವ ಒಂದು ಪರಿಣಾಮ ನನಗೆ ತುಂಬ ಇಷ್ಟ. ಓ-ಆಂಟಿಜನ್ ಇ-ಕೊಲೈಗೆ ಅನಿವಾರ್ಯವಲ್ಲ. ಅದನ್ನು ಕಟ್ಟುವ ಮೊದಲ ಹೆಜ್ಜೆಯ ಜೀನ್ ತೆಗೆದರೆ ಕೋಶ ಆರಾಮಾಗಿ ಬದುಕುತ್ತದೆ. ಆದರೆ ಮೊದಲ ಹೆಜ್ಜೆ ಬಿಟ್ಟು ನಡುವಿನ ಅಥವಾ ಕೊನೆಯ ಹೆಜ್ಜೆ ಮುರಿದರೆ? ಕೋಶ ಉಬ್ಬುತ್ತದೆ, ಆಕಾರ ಕೆಡುತ್ತದೆ, ಕೆಲವೊಮ್ಮೆ ಒಡೆದೇ ಹೋಗುತ್ತದೆ. ಕಡಿಮೆ ಮುರಿದದ್ದಕ್ಕೆ ಹೆಚ್ಚು ಹಾನಿ! ಕಾರಣ ಇಷ್ಟೇ. ಅರ್ಧ ತುಂಬಿದ ಬಾಂಡ್ಲಿಗಳನ್ನು ಇಳಿಸುವವರಿಲ್ಲ. ಅವು ಅಲ್ಲೇ ಸಿಕ್ಕಿಕೊಂಡವು, ಗೋಡೆ ಕೆಲಸಕ್ಕೆ ಬಾಂಡ್ಲಿ ಸಾಲದೆ ಹೋಯಿತು. ಇದು ಬರೀ ಊಹೆ ಅಲ್ಲ. ಅಂಥ ಕೋಶದಲ್ಲಿ ಯುಪಿಪಿಎಸ್ ಹೆಚ್ಚಿಸಿ, ಅಂದರೆ ಹೊಸ ಬಾಂಡ್ಲಿ ಮಾಡಿಸಿ ನೋಡಿದ್ದಾರೆ. ಆಕಾರ ಸರಿಹೋಗುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಅಚ್ಚು ಇಲ್ಲದೆ ಕ್ರಮ ಹೇಗೆ? ಇದಕ್ಕೆ ಕೋಶಭಿತ್ತಿಗಿಂತ ಒಳ್ಳೆಯ ಉದಾಹರಣೆ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ. ಕೋಳಿಯ ಕರುಳಿನಲ್ಲಿ ಸುಮ್ನೆ ಇರುವ ಈ ಬ್ಯಾಕ್ಟೀರಿಯಾ ಸರಿಯಾಗಿ ಬೇಯದ ಮಾಂಸದ ಮೂಲಕ ಮನುಷ್ಯರಿಗೆ ಬಂದರೆ ಭೇದಿ ತರುತ್ತದೆ. ಇದು ತನ್ನ ಪ್ರೋಟೀನ್‌ಗಳಿಗೆ ಏಳು ಸಕ್ಕರೆಗಳ ಒಂದು ಗೊಂಚಲು ಅಂಟಿಸುತ್ತದೆ. ಆ ಗೊಂಚಲು ಮೊದಲು ತಯಾರಾಗುವುದು ನಮ್ಮ 55 ಇಂಗಾಲದ ಬಾಂಡ್ಲಿಯ ಮೇಲೇ.

ಕ್ರಮ ಹೀಗಿದೆ. ಪಿಜಿಎಲ್-ಸಿ ಎಂಬ ಕಿಣ್ವ ಮೊದಲ ಸಕ್ಕರೆ ಕೂರಿಸುತ್ತದೆ. ಅದರ ಹೆಸರು ಬ್ಯಾಸಿಲೋಸಮೈನ್, ಮನುಷ್ಯರ ಮೈಯಲ್ಲಿ ಇಲ್ಲದ ಸಕ್ಕರೆ. ಪಿಜಿಎಲ್-ಎ ಅದರ ಮೇಲೆ ಒಂದು ಗ್ಯಾಲಕ್ಟೋಸಮೈನ್ ಇಡುತ್ತದೆ. ಪಿಜಿಎಲ್-ಜೆ ಇನ್ನೊಂದು. ಪಿಜಿಎಲ್-ಎಚ್ ಒಂದೇ ಉಸಿರಿಗೆ ಮೂರು. ಕೊನೆಗೆ ಪಿಜಿಎಲ್-ಐ ಪಕ್ಕಕ್ಕೆ ಒಂದು ಗ್ಲೂಕೋಸ್ ಕೊಂಬೆ ಬಿಡಿಸುತ್ತದೆ. ಆಮೇಲೆ ಪಿಜಿಎಲ್-ಕೆ ಎಟಿಪಿ ಖರ್ಚು ಮಾಡಿ ಮಗುಚುತ್ತದೆ. ಹೊರಗೆ ಪಿಜಿಎಲ್-ಬಿ ಇಡೀ ಗೊಂಚಲನ್ನು ಪ್ರೋಟೀನ್‌ನ ಆಸ್ಪರಜಿನ್ ಎಂಬ ಅಮೈನೋ ಆಮ್ಲದ ಮೇಲೆ ಇಳಿಸುತ್ತದೆ.

ಅಚ್ಚು ಎಲ್ಲಿದೆ? ಪ್ರತಿ ಕಿಣ್ವದ ಬಾಯಿಯ ಆಕಾರದಲ್ಲಿದೆ. ಪಿಜಿಎಲ್-ಜೆಗೆ ಪಿಜಿಎಲ್-ಎ ಕೆಲಸ ಮುಗಿಸಿ ಕೊಟ್ಟ ಅಣು ಬೇಕು. ಅದಕ್ಕಿಂತ ಮೊದಲಿನದು ಕೊಟ್ಟರೆ ಅದು ಹಿಡಿಯುವುದಿಲ್ಲ. ಒಬ್ಬರು ಮುಗಿಸಿದ ಕೆಲಸವೇ ಮುಂದಿನವರಿಗೆ ಶುರು ಮಾಡಲು ಸಿಗ್ನಲ್. ಮೇಲೆ ಮೇಸ್ತ್ರಿ ಬೇಕಾಗಿಲ್ಲ. ಹಾಗಂತ ಡಿಎನ್‌ಎಗೆ ಸಂಬಂಧವೇ ಇಲ್ಲ ಅಂತಲ್ಲ. ಯಾವ ಕಿಣ್ವಗಳು ಇರಬೇಕು ಅಂತ ಜೀನ್‌ಗಳು ಹೇಳುತ್ತವೆ, ಸಕ್ಕರೆಗಳ ಸಾಲು ಅದರಿಂದ ತಾನಾಗಿ ಮೂಡುತ್ತದೆ. 2002ರಲ್ಲಿ ಈ ಜೀನ್‌ಗಳ ಗುಂಪನ್ನು ಇ-ಕೊಲೈಗೆ ಹಾಕಿದಾಗ ಅಲ್ಲಿಯೂ ಪ್ರೋಟೀನ್‌ಗೆ ಸಕ್ಕರೆ ಅಂಟಿತು. ಇವತ್ತು ಲಸಿಕೆ ತಯಾರಿಸಲು ಅದೇ ಉಪಾಯ ಬಳಸುತ್ತಿದ್ದಾರೆ.

ಆದರೆ ನೀವು ಜಾಣರಾಗಿದ್ದರೆ ಇಲ್ಲೇ ಒಂದು ತಕರಾರು ಎತ್ತುತ್ತೀರಿ. ಪಿಜಿಎಲ್-ಎಚ್ ಮೂರು ಸಕ್ಕರೆ ಇಡುತ್ತದೆ, ಮೂರೂ ಒಂದೇ ಥರದವು. ಹಾಗಾದರೆ ಮೂರಕ್ಕೇ ಯಾಕೆ ನಿಲ್ಲುತ್ತದೆ? ನಾಲ್ಕು, ಐದು, ಹತ್ತು ಯಾಕಿಲ್ಲ? ಕಿಣ್ವ ಎಣಿಸುತ್ತದೆಯೇ? ಒಂದು ರೀತಿಯಲ್ಲಿ ಹೌದು. 2018ರಲ್ಲಿ ಇದರ ಆಕಾರ ಪತ್ತೆಯಾದಾಗ ಒಂದು ಸುರುಳಿ ಕಂಡಿತು. ಅದಕ್ಕೆ ‘ಅಳತೆಗೋಲಿನ ಸುರುಳಿ’ ಅಂತಲೇ ಹೆಸರಿಟ್ಟರು. ಬಾಂಡ್ಲಿಯ ಜೋಡಿ ಫಾಸ್ಫೇಟ್ ಆ ಸುರುಳಿಯ ಮೇಲೆ ಕೂರುತ್ತದೆ. ಸಕ್ಕರೆ ಒಂದೊಂದು ಹೆಚ್ಚಾದ ಹಾಗೆ ಅದು ಅಳತೆಗೋಲಿನ ಮೇಲೆ ಒಂದೊಂದು ಗೆರೆ ಹಿಂದಕ್ಕೆ ಸರಿಯುತ್ತದೆ. ಮೂರು ಆದ ಮೇಲೆ ಕೂರಲು ಜಾಗ ಉಳಿಯುವುದಿಲ್ಲ. ದರ್ಜಿ ಟೇಪು ಹಿಡಿದು ಬಟ್ಟೆ ಅಳೆಯುವಾಗ ಒಂದು ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತಾನಲ್ಲ, ಆ ಹೆಬ್ಬೆರಳಿನ ಕೆಲಸ ಇಲ್ಲಿ ಫಾಸ್ಫೇಟ್‌ಗಳದ್ದು. ಅಂದರೆ ಕೊಬ್ಬಿಗೆ ಕಟ್ಟಿದ್ದರಿಂದ ಬ್ಯಾಕ್ಟೀರಿಯಾಗೆ ಮೂರನೆಯ ಲಾಭವೂ ಸಿಕ್ಕಿತು. ಅಳತೆ ಶುರುವಾಗಲು ಒಂದು ಗಟ್ಟಿ ತುದಿ.

ಮೊದಲ ಹೆಜ್ಜೆಯ ಪಿಜಿಎಲ್-ಸಿ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಅದು ಮಾಡುವ ಕೆಲಸ ಎಂಆರ್‌ಎವೈ ಮಾಡುವಂಥದ್ದೇ. ಸಕ್ಕರೆಯನ್ನು ಒಂದು ಫಾಸ್ಫೇಟ್ ಸಮೇತ ಬಾಂಡ್ಲಿಗೆ ದಾಟಿಸುವುದು. ಆದರೆ ಎರಡಕ್ಕೂ ಸಂಬಂಧವೇ ಇಲ್ಲ. ಎಂಆರ್‌ಎವೈ ಪೊರೆಯನ್ನು ಹತ್ತು ಸಲ ದಾಟಿದರೆ, ಪಿಜಿಎಲ್-ಸಿ ಒಮ್ಮೆಯೂ ದಾಟುವುದಿಲ್ಲ. ಪೊರೆಯೊಳಗೆ ಒಂದು ಸುರುಳಿ ತೂರಿಸಿ, ನಡುವೆ ಮಡಚಿ, ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಕೆಲಸದ ರೀತಿಯೂ ಬೇರೆ. ಪಿಜಿಎಲ್-ಸಿ ಮೊದಲು ಸಕ್ಕರೆ-ಫಾಸ್ಫೇಟನ್ನು ತನ್ನ ಮೈಮೇಲೇ ಕಟ್ಟಿಕೊಳ್ಳುತ್ತದೆ, 93ನೇ ಸ್ಥಾನದಲ್ಲಿರುವ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲದ ಮೇಲೆ. ಯುಎಂಪಿ ಹೊರಟುಹೋದ ಮೇಲೆ ಬಾಂಡ್ಲಿ ಬಂದು ಅದನ್ನು ಇಸಿದುಕೊಳ್ಳುತ್ತದೆ. ಅಮೆರಿಕದ ಎಂಐಟಿಯ ಬಾರ್ಬರಾ ಇಂಪೀರಿಯಾಲಿ ಅವರ ತಂಡ ಇದನ್ನು ಬಿಡಿಸಿ ತೋರಿಸಿತು. ಒಂದೇ ರಾಸಾಯನಿಕ ಕೆಲಸಕ್ಕೆ ಬ್ಯಾಕ್ಟೀರಿಯಾಗಳು ಎರಡು ಸಲ, ಎರಡು ಬೇರೆ ದಾರಿಯಲ್ಲಿ ಬಂದು ಮುಟ್ಟಿವೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಸುಂದರ ಸಂಗತಿ ಇದು.

ಪತ್ತೆ ಮಾಡಿದ್ದು ಹೇಗೆ ಅಂತ ಕೇಳಿದಿರಿ. ಇದನ್ನು ನಾನು ಕೈಯಾರೆ ಮಾಡಿದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಕ್ಕರೆಗೆ ವಿಕಿರಣದ ಗುರುತು ಹಾಕಿರುತ್ತಾರೆ. ಸಣ್ಣ ಗಾಜಿನ ಟ್ಯೂಬಿನಲ್ಲಿ ಕೊಬ್ಬಿನ ಬಾಂಡ್ಲಿ, ಕಿಣ್ವ, ಗುರುತಿನ ಯುಡಿಪಿ-ಸಕ್ಕರೆ ಮತ್ತು ಸ್ವಲ್ಪ ಡಿಟರ್ಜೆಂಟ್. ಕೆಲವು ನಿಮಿಷ ಬಿಟ್ಟು ಒಂದು ಹನಿ ತೆಗೆದು ಕ್ಲೋರೋಫಾರ್ಮ್-ಮೆಥನಾಲ್ ಮಿಶ್ರಣಕ್ಕೆ ಹಾಕಬೇಕು. ಕಿಣ್ವ ಅಲ್ಲೇ ಸಾಯುತ್ತದೆ. ಆಮೇಲೆ ಉಪ್ಪುನೀರು ಸೇರಿಸಿ ಅಲ್ಲಾಡಿಸಿ ಬಿಟ್ಟರೆ ಎರಡು ಪದರ ಆಗುತ್ತದೆ. ಮೇಲೆ ನೀರು, ಕೆಳಗೆ ಕ್ಲೋರೋಫಾರ್ಮ್. ಯಾರಿಗೂ ಕಟ್ಟದ ಸಕ್ಕರೆ ನೀರಿನಲ್ಲಿ ಉಳಿಯುತ್ತದೆ. ಕೊಬ್ಬಿಗೆ ಕಟ್ಟಿದ ಸಕ್ಕರೆ ಕೆಳಗಿನ ಪದರಕ್ಕೆ ಹೋಗುತ್ತದೆ. ಕೆಳಗಿನದನ್ನು ತೆಗೆದು ವಿಕಿರಣ ಎಣಿಸಿದರೆ ಎಷ್ಟು ಕಟ್ಟಿತು ಅಂತ ಗೊತ್ತಾಯಿತು. ನೀವು ಕೇಳಿದ ‘ಸಕ್ಕರೆ ನೀರಿನಲ್ಲಿ ಕರಗುತ್ತದಲ್ಲ’ ಎಂಬ ಮಾತೇ ಇಲ್ಲಿ ತಕ್ಕಡಿ.

ನಾನು ಮೊದಲ ಸಲ ಮಾಡಿದಾಗ ಕೆಳಗಿನ ಪದರದಲ್ಲಿ ಏನೂ ಇರಲಿಲ್ಲ. ಕಿಣ್ವ ಸತ್ತಿದೆ ಅಂದುಕೊಂಡು ಒಂದು ವಾರ ಅದನ್ನೇ ಮತ್ತೆ ಮತ್ತೆ ತಯಾರಿಸಿದೆ. ಕಿಣ್ವ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಬಾಂಡ್ಲಿಯಲ್ಲಿ. ಅದನ್ನು ಟ್ಯೂಬಿನಲ್ಲಿ ಒಣಗಿಸಿ ನೇರವಾಗಿ ನೀರು ಹಾಕಿದ್ದೆ. ಅದು ಗಾಜಿಗೆ ಮೇಣದ ಹಾಗೆ ಅಂಟಿಕೊಂಡೇ ಇತ್ತು. ಮೊದಲು ಡಿಎಂಎಸ್‌ಒ ಎಂಬ ದ್ರಾವಕ ಹಾಕಿ ಚೆನ್ನಾಗಿ ಅಲ್ಲಾಡಿಸಿ, ಆಮೇಲೆ ಡಿಟರ್ಜೆಂಟ್ ಇರುವ ನೀರು ಹಾಕಿದ ದಿನವೇ ಎಣಿಕೆ ಸಿಕ್ಕಿತು. ಲ್ಯಾಬಿನಲ್ಲಿ ನೀವು ಈ ಪ್ರಯೋಗ ಮಾಡುವುದಾದರೆ ಇದು ನೆನಪಿರಲಿ. ಇನ್ನೊಂದು ವಿಷಯ. ಸಕ್ಕರೆ ಒಂದೆರಡು ಇದ್ದಾಗ ಕ್ಲೋರೋಫಾರ್ಮ್ ಪದರ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರೇಳು ಆದರೆ ಅಣು ನೀರಿನ ಕಡೆ ವಾಲತೊಡಗುತ್ತದೆ. ಆಗ ದ್ರಾವಕದ ಹದ ಬದಲಿಸಿಕೊಳ್ಳಬೇಕು.

1960ರ ದಶಕದಲ್ಲಿ ಮೊದಲು ಪತ್ತೆ ಮಾಡಿದವರೂ ಇದೇ ತತ್ವ ಹಿಡಿದಿದ್ದರು. ಅಮೆರಿಕದಲ್ಲಿ ಜ್ಯಾಕ್ ಸ್ಟ್ರೋಮಿಂಜರ್ ತಂಡ ಕೋಶಭಿತ್ತಿಯ ಹಿಂದೆ ಬಿದ್ದಿತ್ತು. ಫಿಲಿಪ್ಸ್ ರಾಬಿನ್ಸ್ ತಂಡ ಸಾಲ್ಮೊನೆಲ್ಲಾದ ಓ-ಆಂಟಿಜನ್ ಹಿಂದೆ. ಬ್ಯಾಕ್ಟೀರಿಯಾ ಬೇರೆ, ಸಕ್ಕರೆ ಬೇರೆ. ಇಬ್ಬರಿಗೂ 1965ರಲ್ಲಿ ಒಂದೇ ವಿಚಿತ್ರ ಕಂಡಿತು. ಅರ್ಧ ಕಟ್ಟಿದ ಸಕ್ಕರೆ ನೀರಿಗೆ ಬರದೆ ಕೊಬ್ಬಿನ ದ್ರಾವಕಕ್ಕೆ ಹೋಗುತ್ತಿತ್ತು. 1967ರಲ್ಲಿ ಎರಡೂ ತಂಡಗಳು ಆ ಕೊಬ್ಬನ್ನು ಬಿಡಿಸಿ ನೋಡಿದವು. ಎರಡೂ ಕಡೆ ಅದೇ 55 ಇಂಗಾಲ, ಅದೇ ಹನ್ನೊಂದು ತುಂಡು. ಬಾಂಡ್ಲಿ ಎಲ್ಲರದ್ದೂ ಒಂದೇ ಅಂತ ತಿಳಿದದ್ದು ಹಾಗೆ.

ನೀವು ಕೇಳದಿದ್ದರೂ ಔಷಧಿಗಳ ಬಗ್ಗೆ ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ. ಈ ಓಡಾಟದ ಪ್ರತಿ ತಿರುವಿನಲ್ಲೂ ಯಾವುದಾದರೂ ಒಂದು ಆಂಟಿಬಯೋಟಿಕ್ ಹೊಂಚು ಹಾಕಿ ಕೂತಿದೆ. ಗಾಯಕ್ಕೆ ಉದುರಿಸುವ ನಿಯೋಸ್ಪೊರಿನ್ ಪುಡಿಯಲ್ಲಿ ಬ್ಯಾಸಿಟ್ರಾಸಿನ್ ಇದೆ. ಅದು ಹಿಡಿಯುವುದು ಖಾಲಿ ಬಾಂಡ್ಲಿಯನ್ನೇ. ಎರಡು ಫಾಸ್ಫೇಟ್ ಇರುವ ಬಾಂಡ್ಲಿಯನ್ನು ಸತುವಿನ ನೆರವಿನಿಂದ ಬಿಗಿಯಾಗಿ ಹಿಡಿದು, ಒಂದು ಫಾಸ್ಫೇಟ್ ಕಳಚದ ಹಾಗೆ ಮಾಡುತ್ತದೆ. ಬಾಂಡ್ಲಿ ವಾಪಸ್ ಬರುವುದಿಲ್ಲ, ಗೋಡೆ ನಿಲ್ಲುತ್ತದೆ. ಆ ಔಷಧಿಯ ಹೆಸರಿನ ಕೊನೆಯ ಭಾಗ ಮಾರ್ಗರೆಟ್ ಟ್ರೇಸಿ ಎಂಬ ಹುಡುಗಿಯದು. ಅವಳ ಕಾಲಿನ ಗಾಯದಲ್ಲಿ ಸಿಕ್ಕ ಬ್ಯಾಸಿಲಸ್‌ನಿಂದ ಅದು ಬಂತು. 1945ರಲ್ಲಿ ಅದರ ವರದಿ ಪ್ರಕಟವಾಯಿತು. ವ್ಯಾಂಕೋಮೈಸಿನ್ ತುಂಬಿದ ಬಾಂಡ್ಲಿಯನ್ನು, ಅಂದರೆ ಲಿಪಿಡ್-2ರ ಅಮೈನೋ ಆಮ್ಲದ ಬಾಲವನ್ನು ಹಿಡಿಯುತ್ತದೆ. ಹಾಲಿನ ಬ್ಯಾಕ್ಟೀರಿಯಾವೊಂದು ತಯಾರಿಸುವ ನೈಸಿನ್ ಲಿಪಿಡ್-2ರ ಜೋಡಿ ಫಾಸ್ಫೇಟನ್ನು ಹಿಡಿದು, ಆಮೇಲೆ ಪೊರೆಗೇ ತೂತು ಕೊರೆಯುತ್ತದೆ. ಚೀಸ್ ಕೆಡದಿರಲಿ ಅಂತ ಅದನ್ನು ಹಾಕುತ್ತಾರೆ. ಟ್ಯುನಿಕಾಮೈಸಿನ್ ಮೊದಲ ಹೆಜ್ಜೆಯನ್ನೇ ತಡೆಯುತ್ತದೆ. ಆದರೆ ಅದನ್ನು ಔಷಧಿಯಾಗಿ ಕೊಡುವಂತಿಲ್ಲ. ನಮ್ಮ ಜೀವಕೋಶಗಳೂ ಡೋಲಿಕಾಲ್ ಎಂಬ ಇಂಥದೇ ಕೊಬ್ಬಿನ ಮೇಲೆ ಸಕ್ಕರೆ ಕಟ್ಟುತ್ತವೆ, ಅಲ್ಲಿಯ ಮೊದಲ ಕಿಣ್ವವನ್ನೂ ಅದು ತಡೆದುಬಿಡುತ್ತದೆ.

ಟಿಬಿ ಬ್ಯಾಕ್ಟೀರಿಯಾದ ಬಾಂಡ್ಲಿ ಸ್ವಲ್ಪ ಗಿಡ್ಡ, 50 ಇಂಗಾಲ. ಅಲ್ಲಿ ನಡೆಯುವ ಒಂದು ಕೆಲಸ ಇದುವರೆಗೆ ಹೇಳಿದ್ದಕ್ಕಿಂತ ಬೇರೆ ಥರದ್ದು. ಟಿಬಿ ಬ್ಯಾಕ್ಟೀರಿಯಾಗೆ ಗೋಡೆಗೆ ಅರಾಬಿನೋಸ್ ಎಂಬ ಸಕ್ಕರೆ ಬೇಕು. ಅದು ಅರಾಬಿನೋಸನ್ನು ನೇರವಾಗಿ ಕಟ್ಟುವುದಿಲ್ಲ. ಮೊದಲು ರೈಬೋಸನ್ನು ಬಾಂಡ್ಲಿಗೆ ಕಟ್ಟುತ್ತದೆ. ಆಮೇಲೆ ಬಾಂಡ್ಲಿಯ ಮೇಲಿರುವಾಗಲೇ ಅದರ ಎರಡನೇ ಇಂಗಾಲದ ಒಂದು ಗುಂಪನ್ನು ತಿರುಗಿಸಿ ಅರಾಬಿನೋಸ್ ಮಾಡುತ್ತದೆ. ಇದಕ್ಕೆ ಡಿಪಿಆರ್‌ಇ-1 ಮತ್ತು ಡಿಪಿಆರ್‌ಇ-2 ಎಂಬ ಎರಡು ಕಿಣ್ವ. ಮೊದಲನೆಯದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಎರಡನೆಯದು ಇನ್ನೊಂದು ಬದಿಯಿಂದ ವಾಪಸ್ ಕೊಡುತ್ತದೆ. ಗೋಡೆಯ ಅರಾಬಿನೋಸ್‌ಗೆ ಬೇರೆ ಮೂಲವೇ ಇಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಬಿಗೆ ಕೊಡುವ ನಾಲ್ಕು ಔಷಧಿಗಳಲ್ಲಿ ಒಂದಾದ ಇಥಾಂಬುಟಾಲ್ ತಡೆಯುವುದು ಇದರ ಮುಂದಿನ ಹಂತವನ್ನು, ಬಾಂಡ್ಲಿಯಿಂದ ಅರಾಬಿನೋಸ್ ಇಳಿಸಿ ಗೋಡೆಗೆ ಸೇರಿಸುವ ಕಿಣ್ವಗಳನ್ನು.

2009ರಲ್ಲಿ ಯುರೋಪಿನ ತಂಡವೊಂದು ಡಿಪಿಆರ್‌ಇ-1ಕ್ಕೇ ಅಂಟಿಕೊಂಡು ಅದನ್ನು ಕೊಲ್ಲುವ ಬೆಂಜೋಥಯಾಜಿನೋನ್ ಎಂಬ ಅಣುಗಳನ್ನು ವರದಿ ಮಾಡಿತು. ಅದೇ ಕಿಣ್ವದ ಮೇಲೆ ಬೆಂಗಳೂರಿನಲ್ಲೂ ಕೆಲಸ ನಡೆಯಿತು. ಹೆಬ್ಬಾಳದಲ್ಲಿದ್ದ ಆಸ್ಟ್ರಾಜೆನೆಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2013ರಲ್ಲಿ ಅಜಾಇಂಡೋಲ್ ಎಂಬ ಬೇರೆ ಬಗೆಯ ಅಣುಗಳನ್ನು ಪ್ರಕಟಿಸಿದರು. ಅವು ಕಿಣ್ವಕ್ಕೆ ಶಾಶ್ವತವಾಗಿ ಅಂಟುವುದಿಲ್ಲ, ಬಂದು ಕೂತು ಕೆಲಸ ತಡೆಯುತ್ತವೆ. ಅವುಗಳಲ್ಲಿ ಒಂದು ಟಿಬಿಎ-7371 ಎಂಬ ಹೆಸರಿನಲ್ಲಿ ಟಿಬಿ ರೋಗಿಗಳ ಮೇಲಿನ ಪರೀಕ್ಷೆಯವರೆಗೆ ಹೋಯಿತು. ಡಿಪಿಆರ್‌ಇ-1 ಇಷ್ಟು ಬಗೆಯ ಅಣುಗಳ ಕೈಗೆ ಸುಲಭವಾಗಿ ಸಿಗುವುದಕ್ಕೆ ಒಂದು ಕಾರಣ ಅದು ಇರುವ ಜಾಗ. ಆ ಕಿಣ್ವ ಕೆಲಸ ಮಾಡುವುದು ಪೊರೆಯ ಹೊರಬದಿಯಲ್ಲಿ. ಔಷಧಿ ಅದನ್ನು ಮುಟ್ಟಲು ಪೊರೆ ದಾಟಿ ಒಳಗೆ ಹೋಗಬೇಕಾಗಿಲ್ಲ.